ಬೇಕಲವನ್ನು ಬೆಳಿಗ್ಗೆ ನೋಡಬೇಕು: ಕೋಟೆ, ಕಡಲತೀರ, ವಸತಿ, ಊಟಗಳ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಬರುವ ಪ್ರವಾಸಿಗರಲ್ಲಿ ಬಹಳ ಮಂದಿ ಸಂಜೆ ನಾಲ್ಕರ ಸುಮಾರಿಗೆ ಕೋಟೆಯ ಬಾಗಿಲು ತಲುಪುತ್ತಾರೆ, ಕಡಲ ಕಡೆಯ ಕೊತ್ತಳದ ತನಕ ಅವಸರದಿಂದ ನಡೆದು ಫೋಟೊ ತೆಗೆದುಕೊಳ್ಳುತ್ತಾರೆ, ಕಾವಲುಗಾರರು ಸೀಟಿ ಊದಲು ಆರಂಭಿಸಿದೊಡನೆ ಹೊರಬಂದು ಕಾರು ಹತ್ತುತ್ತಾರೆ. ಹೀಗೆ ನೋಡಿದವರಿಗೆ ಬೇಕಲವು ಒಂದು ಗಂಟೆಯ ಊರಾಗಿ ಉಳಿದುಬಿಡುತ್ತದೆ. ಈ ಜಿಲ್ಲೆಯಲ್ಲೇ ವಾಸಿಸುವ, ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ಹೊಣೆ ಹೊತ್ತ ನನ್ನಂಥವರ ಅಭಿಪ್ರಾಯ ಬೇರೆ: ಕೋಟೆಯನ್ನು ಬೆಳಿಗ್ಗೆ ನೋಡಬೇಕು, ಕಡಲತೀರವನ್ನು ಸಂಜೆಗೆ ಇಟ್ಟುಕೊಳ್ಳಬೇಕು, ನಡುವಿನ ಹೊತ್ತನ್ನು ಊಟಕ್ಕೂ ಸಮೀಪದ ಚಂದ್ರಗಿರಿ, ಹೊಸದುರ್ಗ ಕೋಟೆಗಳಿಗೂ ಕೊಡಬೇಕು. ಅಷ್ಟು ಮಾಡಿದರೆ ಎರಡು ದಿನವೂ ಸಾಲದಷ್ಟು ವಿಷಯ ಇಲ್ಲಿದೆ.

ಬೆಳಿಗ್ಗೆ ಎನ್ನುವುದಕ್ಕೆ ಕಾರಣಗಳಿವೆ. ಕೋಟೆಯೊಳಗೆ ನೆರಳು ಕೊಡುವ ಮರಗಳು ಕಡಿಮೆ. ಸುಮಾರು 40 ಎಕರೆ ವಿಸ್ತಾರದ ಬಯಲು ಹುಲ್ಲುಗಾವಲಿನಂತೆ ತೆರೆದುಕೊಂಡಿದ್ದು, ಹತ್ತು ಗಂಟೆ ದಾಟಿದ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗಳು ಬಿಸಿಲನ್ನು ಹೀರಿ ಕಾಯತೊಡಗುತ್ತವೆ. ಎಂಟು ಗಂಟೆಗೆ ಬಾಗಿಲು ತೆರೆದೊಡನೆ ಒಳಹೊಕ್ಕವರಿಗೆ ಸೂರ್ಯ ಬೆನ್ನ ಹಿಂದೆ ಇರುವುದರಿಂದ ಕಡಲೂ ಕೊತ್ತಳಗಳೂ ಸ್ಪಷ್ಟವಾಗಿ ಕಾಣುತ್ತವೆ, ಶಾಲಾ ಪ್ರವಾಸದ ಬಸ್ಸುಗಳು ಇನ್ನೂ ಬಂದಿರುವುದಿಲ್ಲ, ಗೋಪುರದ ಮೇಲೆ ನಿಂತು ಮಾತಾಡುವುದಕ್ಕೆ ಎಡೆಯಿರುತ್ತದೆ. ಸೂರ್ಯಾಸ್ತವನ್ನು ಕೋಟೆಯೊಳಗಿಂದ ನೋಡುತ್ತೇನೆಂದು ಹಟ ಹಿಡಿದವರಿಗೆ ನಿರಾಸೆಯಾಗುವ ಸಂಭವವೇ ಹೆಚ್ಚು, ಏಕೆಂದರೆ ವರ್ಷದ ಬಹುಭಾಗ ಸೂರ್ಯ ಮುಳುಗುವುದಕ್ಕೆ ಮೊದಲೇ ಬಾಗಿಲು ಹಾಕುವ ತಯಾರಿ ನಡೆಯುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪ್ರವೇಶ ಶುಲ್ಕ ಭಾರತೀಯರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಸಿಗುವುದನ್ನು ಗಮನಿಸಿದರೆ ಇದು ಏನೂ ಅಲ್ಲ.

ಕೇರಳದ ಅತಿ ದೊಡ್ಡ ಕೋಟೆಯೆಂದು ಬೇಕಲವನ್ನು ಎಲ್ಲ ಕಡೆ ಪರಿಚಯಿಸಲಾಗುತ್ತದೆ. ಕನ್ನಡಿಗರಿಗೆ ಅದಕ್ಕಿಂತ ಹತ್ತಿರದ ಸಂಗತಿಯೆಂದರೆ ಇದನ್ನು ಸುಮಾರು 1650ರ ಹೊತ್ತಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಬಿದನೂರಿನಲ್ಲಿ ಕುಳಿತು ಆಳಿದ ಕೆಳದಿ ಅರಸರಿಗೆ ಮೆಣಸು, ಅಕ್ಕಿಗಳ ವ್ಯಾಪಾರ ನಡೆಯುವ ಕರಾವಳಿ ಬೇಕಿತ್ತು. ಆ ಕರಾವಳಿಯನ್ನು ಉಳಿಸಿಕೊಳ್ಳಲು ಕುಂಬಳೆಯಿಂದ ಹೊಸದುರ್ಗದ ತನಕ ಕೋಟೆಗಳ ಸಾಲೊಂದನ್ನು ಅವರು ಕಟ್ಟಿಕೊಂಡರು. ಕುಂಬಳೆಯ ಸಮೀಪದ ಆರಿಕ್ಕಾಡಿ, ಹೊಳೆಯ ದಡದ ಚಂದ್ರಗಿರಿ, ಕಡಲಿಗೆ ಚಾಚಿದ ಬೇಕಲ, ಇಂದಿನ ಕಾಞಂಗಾಡಿನ ಹೊಸದುರ್ಗ, ಇವೆಲ್ಲ ಆ ಸಾಲಿನವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡಾಗ ಬೇಕಲವೂ ಮೈಸೂರಿನ ಕೈಸೇರಿತು. ಮಲಬಾರಿನ ಕಡೆಗೆ ಸಾಗಿದ ಸೈನ್ಯಕ್ಕೆ ಟಿಪ್ಪುವಿನ ಕಾಲದಲ್ಲಿ ಇದು ಮುಖ್ಯ ನೆಲೆಯಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಬೇಕಲ ತಾಲೂಕಿನ ಕೇಂದ್ರವಾಯಿತು. ಆಡಳಿತ ಕಾಸರಗೋಡಿಗೆ ಹೋದ ನಂತರ ಊರು ಸಣ್ಣದಾಯಿತು. 1956ರ ನವೆಂಬರ್ 1ರಂದು ಕೇರಳ ರಾಜ್ಯ ರೂಪುಗೊಂಡಾಗ ಕಾಸರಗೋಡಿನೊಂದಿಗೆ ಬೇಕಲವೂ ಆ ಕಡೆಗೆ ಸೇರಿತು. ಆ ವಿಷಯದಲ್ಲಿ ಗಡಿನಾಡಿನ ಕನ್ನಡಿಗರಿಗೆ ಹೇಳುವುದು ಬಹಳವಿದೆ, ಆದರೆ ಅದಕ್ಕೆ ಇದು ಸ್ಥಳವಲ್ಲ.

ಕೋಟೆಯನ್ನು ಹೇಗೆ ನೋಡಬೇಕೆಂಬುದು ಮುಖ್ಯ. ನಡೆದು ಬರುವಾಗ ಮೊದಲು ಎದುರಾಗುವುದು ಮುಖ್ಯಪ್ರಾಣ ದೇವರ ಗುಡಿ. ಸಮೀಪದಲ್ಲೇ ಟಿಪ್ಪುವಿನ ಕಾಲದ್ದೆಂದು ಹೇಳಲಾಗುವ ಮಸೀದಿಯಿದೆ. ಅಲ್ಲಿಂದ ಮುಂದೆ ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ಅಂಕುಡೊಂಕಾಗಿ ತಿರುಗುತ್ತದೆ. ಒಳನುಗ್ಗುವ ಶತ್ರುವಿಗೆ ವೇಗ ಸಿಗಬಾರದು, ಆನೆಯಾಗಲಿ ದಿಮ್ಮಿಯಾಗಲಿ ಬಾಗಿಲಿಗೆ ನೇರವಾಗಿ ಬಡಿಯಬಾರದು ಎಂಬ ಲೆಕ್ಕಾಚಾರ ಈ ತಿರುವುಗಳಲ್ಲಿದೆ. ನೆಲದ ಕಡೆಗೆ ಕಂದಕ, ಉಳಿದ ಬಹುಭಾಗಕ್ಕೆ ಕಡಲೇ ಕಂದಕ. ಗೋಡೆಗಳೆಲ್ಲ ಇದೇ ನೆಲದಿಂದ ಕಡಿದು ತೆಗೆದ ಮುರಕಲ್ಲಿನವು; ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲು ಮೂರೂವರೆ ಶತಮಾನಗಳ ಮಳೆಗಾಲಗಳನ್ನು ತಾಳಿಕೊಂಡಿರುವುದನ್ನು ಕೈಯಿಂದ ಮುಟ್ಟಿ ನೋಡಬಹುದು.

ಗೋಡೆಯಲ್ಲಿನ ಕಿಂಡಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಇವುಗಳ ಕೋನಗಳು ಬೇರೆ ಬೇರೆ. ಮೇಲಿನವು ದೂರದ ಗುರಿಗೆ, ಅದರ ಕೆಳಗಿನವು ಹತ್ತಿರ ಬಂದವರಿಗೆ, ತೀರ ಕೆಳಗಿನವು ಗೋಡೆಯ ಬುಡಕ್ಕೇ ಬಂದುಬಿಟ್ಟವರಿಗೆ. ಒಂದೊಂದು ಕಿಂಡಿಗೂ ಕಣ್ಣಿಟ್ಟು ನೋಡಿದರೆ ಕಡಲ ಯಾವ ತುಂಡು ಯಾವ ಬಂದೂಕುಧಾರಿಯ ಪಾಲಿಗೆ ಬರುತ್ತಿತ್ತೆಂಬುದು ತಿಳಿಯುತ್ತದೆ. ನಾನು ಕರೆತಂದ ಮಕ್ಕಳಲ್ಲಿ ಹೆಚ್ಚಿನವರು ಕೋಟೆಯಲ್ಲಿ ನೆನಪಿಟ್ಟುಕೊಂಡದ್ದು ಇದನ್ನೇ. ದೊಡ್ಡವರು ಮಾತ್ರ ಕಿಂಡಿಯ ಚೌಕಟ್ಟಿನಲ್ಲಿ ತಮ್ಮ ಮುಖವಿಟ್ಟು ಫೋಟೊ ತೆಗೆಸಿಕೊಳ್ಳುವುದರಲ್ಲಿ ತೃಪ್ತರು.

ನಡುವೆ ಎದ್ದು ನಿಂತ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿಯಿದೆ. ಫಿರಂಗಿ, ಮದ್ದುಗುಂಡುಗಳನ್ನು ಎಳೆದು ಮೇಲಕ್ಕೆ ಸಾಗಿಸುವುದಕ್ಕೆ ಇಂಥ ದಾರಿಯೇ ಅನುಕೂಲ, ಮೊಣಕಾಲು ನೋವಿರುವ ಹಿರಿಯರಿಗೂ ಇದರಿಂದ ಇಂದು ಉಪಕಾರ. ಮೇಲೆ ನಿಂತರೆ ತೆಂಗಿನ ತೋಟಗಳಾಚೆಗೆ ಪಳ್ಳಿಕ್ಕರೆ, ಕೋಟಿಕುಳಂ, ಉದುಮದ ಕಡೆಗಳೂ, ಆಕಾಶ ಶುಭ್ರವಾಗಿದ್ದರೆ ಕಾಞಂಗಾಡಿನ ಕಡೆಯೂ ಕಾಣುತ್ತವೆ. ಕೆಳದಿಯವರು ಇದೇ ಗುಡ್ಡವನ್ನು ಏಕೆ ಆರಿಸಿಕೊಂಡರೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಮೆಟ್ಟಿಲುಗಳುಳ್ಳ ಕೆರೆ, ಸುರಂಗದ ಬಾಯಿ, ಮದ್ದಿನ ಮನೆ ಇವನ್ನೂ ನೋಡಿ. ಅರಮನೆಯೆಂದು ಕರೆಯಬಹುದಾದ ಯಾವ ಕಟ್ಟಡವೂ ಇಂದು ನಿಂತಿಲ್ಲ. 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಉತ್ಖನನದಲ್ಲಿ ವಸತಿ ಕಟ್ಟಡಗಳ ತಳಪಾಯಗಳೂ ಟಂಕಸಾಲೆಯದೆಂದು ಗುರುತಿಸಲಾದ ಅವಶೇಷಗಳೂ ಹೊರಬಿದ್ದವು. ಮೊಣಕಾಲೆತ್ತರದ ಈ ಗೋಡೆಗಳ ಸಾಲನ್ನು ದಾಟಿ ಹೋಗುವವರು ನೂರು ಮಂದಿ, ನಿಂತು ನೋಡುವವರು ಒಬ್ಬಿಬ್ಬರು. ತಪ್ಪು ಪೂರ್ತಿಯಾಗಿ ನೋಡುವವರದೂ ಅಲ್ಲ, ಏಕೆಂದರೆ ಒಳಗೆ ಕಥೆ ಹೇಳುವ ವ್ಯವಸ್ಥೆ ದುರ್ಬಲವಾಗಿದೆ. ಬರುವ ಮೊದಲು ಕೆಳದಿಯ ಇತಿಹಾಸವನ್ನು ನಾಲ್ಕು ಪುಟವಾದರೂ ಓದಿಕೊಂಡು ಬಂದವರಿಗೆ ಕೋಟೆ ಹೆಚ್ಚು ಮಾತಾಡುತ್ತದೆ.

ಕಡಲ ಕಡೆಗೆ ಇಳಿದು ಕೆಳಗಿನ ಕೊತ್ತಳಕ್ಕೆ ಹೋಗುವ ದಾರಿ ಎಲ್ಲಕ್ಕಿಂತ ಚೆಲುವಾದದ್ದು. ತೊಂಬತ್ತರ ದಶಕದ ತಮಿಳು ಚಿತ್ರವೊಂದರ ಹಾಡು ಇಲ್ಲಿ ಚಿತ್ರೀಕರಣಗೊಂಡ ಮೇಲೆ ಬೇಕಲದ ಹೆಸರು ದೇಶಕ್ಕೆಲ್ಲ ತಿಳಿಯಿತು. ಆ ಹಾಡಿನ ಮಳೆ, ಗಾಳಿಗಳನ್ನು ಬಯಸಿ ಜುಲೈ ತಿಂಗಳಲ್ಲಿ ಬರುವವರೂ ಇದ್ದಾರೆ. ಬರಬಾರದೆಂದು ನಾನು ಹೇಳುವುದಿಲ್ಲ, ಮಳೆಗಾಲದ ಬೇಕಲದ ಗಾಂಭೀರ್ಯವೇ ಬೇರೆ. ಆದರೆ ಆಗ ಮುರಕಲ್ಲಿನ ಮೇಲೆ ಪಾಚಿ ಬೆಳೆದು ಜಾರುತ್ತದೆ, ಗೋಡೆಯಂಚಿನಲ್ಲಿ ಕಂಬಿ ಎಲ್ಲೆಡೆ ಇಲ್ಲ, ಅಲೆ ಕೊತ್ತಳದ ಬುಡಕ್ಕೆ ಬಡಿದು ಏಳುವ ರಭಸ ಹೇಳಿ ತಿಳಿಸುವಂಥದ್ದಲ್ಲ. ಮಕ್ಕಳ ಕೈ ಬಿಡಬಾರದು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಳೆ ಹಿಂದೆಗೆದ ಅಕ್ಟೋಬರ್ ಕೊನೆಯಿಂದ ಫೆಬ್ರವರಿಯ ತನಕ ಬನ್ನಿ: ಮೊದಲ ವಾರಗಳಲ್ಲಿ ಕೋಟೆಯ ಹುಲ್ಲು ಇನ್ನೂ ಹಸಿರಾಗಿರುತ್ತದೆ, ಡಿಸೆಂಬರಿನಲ್ಲಿ ಗಾಳಿ ಹಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆ ಘಟ್ಟದ ಮೇಲಿನವರಿಗೆ ಸಹಿಸಲು ಕಷ್ಟ.

ಸಂಜೆಯ ಪಳ್ಳಿಕ್ಕರೆ ಕಡಲತೀರದ ಬಗ್ಗೆ ನನ್ನ ಅಭಿಪ್ರಾಯ ಅರ್ಧಮನಸ್ಸಿನದು. ಮರಳು ಅಗಲವಾಗಿದೆ, ಕೋಟೆ ಪಕ್ಕದಲ್ಲೇ ಕಾಣುತ್ತದೆ, ಮಕ್ಕಳಿಗೆ ಆಟದ ಸಾಮಾನುಗಳಿವೆ, ಒಂಟೆ ಕುದುರೆಗಳ ಸವಾರಿಯವರೂ ಕಾಣಸಿಗುತ್ತಾರೆ. ಭಾನುವಾರ ಮತ್ತು ಹಬ್ಬದ ಮರುದಿನಗಳಂದು ಸುತ್ತಲಿನ ಊರುಗಳೆಲ್ಲ ಇಲ್ಲಿಗೆ ಬಂದಿಳಿಯುವುದರಿಂದ ಕಡಲಿಗಿಂತ ಜನರನ್ನೇ ಹೆಚ್ಚು ನೋಡಬೇಕಾಗುತ್ತದೆ. 2022ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ನಡೆದ ಬೇಕಲ ಅಂತಾರಾಷ್ಟ್ರೀಯ ಬೀಚ್ ಉತ್ಸವದಂಥ ದಿನಗಳಲ್ಲಂತೂ ರಸ್ತೆಯಲ್ಲಿ ವಾಹನ ಅಲುಗಾಡುವುದಿಲ್ಲ. ಗದ್ದಲ ಇಷ್ಟಪಡುವವರಿಗೆ ಅದು ಸುಗ್ಗಿ, ಉಳಿದವರು ಆ ವಾರವನ್ನು ಬಿಟ್ಟು ಬರುವುದು ಒಳ್ಳೆಯದು. ನಿಶ್ಶಬ್ದ ಬೇಕೆಂದರೆ ಉತ್ತರಕ್ಕೆ ಆರು ಕಿಲೋಮೀಟರ್ ದೂರದ ಕಾಪ್ಪಿಲ್ ಕಡಲತೀರಕ್ಕೆ ಹೋಗಿ. ಈಜುವ ವಿಚಾರದಲ್ಲಿ ಮಾತ್ರ ಎರಡೂ ಕಡೆ ಎಚ್ಚರಿಕೆ ಅಗತ್ಯ: ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗೆ ಇಳಿಯಲೇಬಾರದು, ಉಳಿದ ತಿಂಗಳುಗಳಲ್ಲೂ ದಡದ ಮೀನುಗಾರರು ಬೇಡವೆಂದ ಜಾಗದಲ್ಲಿ ಕಾಲಿಡಬಾರದು.

ವಸತಿಯ ಪ್ರಶ್ನೆಗೆ ಬರೋಣ. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಆಗ ನಮಗೆ ತೋರಿಸಿದ ಕನಸಿನ ಗಾತ್ರಕ್ಕೂ ಈಗ ಕಣ್ಣೆದುರಿಗಿರುವುದಕ್ಕೂ ಅಂತರವಿದೆಯಾದರೂ, ಕಾಪ್ಪಿಲ್‌ನ ತಾಜ್ ಮತ್ತು ಉದುಮ ಪರಿಸರದ ನೊಂಬಿಲಿ ಹೊಳೆಯ ಬದಿಯ ಲಲಿತ್ ಇವೆರಡು ದೊಡ್ಡ ರೆಸಾರ್ಟುಗಳು ಈ ಯೋಜನೆಯ ಫಲಗಳು. ಹಿನ್ನೀರು, ಕಡಲು, ತೆಂಗಿನ ತೋಟಗಳ ನಡುವೆ ವಿಶಾಲವಾಗಿ ಹರಡಿಕೊಂಡ ಈ ತಾಣಗಳು ವಿಶ್ರಾಂತಿಗೆಂದೇ ಬರುವವರಿಗೆ, ಆಯುರ್ವೇದ ಚಿಕಿತ್ಸೆಯ ನೆಪದಲ್ಲಿ ನಾಲ್ಕು ದಿನ ಫೋನು ದೂರವಿಡಬೇಕೆನ್ನುವವರಿಗೆ ಹೇಳಿ ಮಾಡಿಸಿದಂಥವು. ಆದರೆ ಇಂಥ ಜಾಗದಲ್ಲಿ ಉಳಿದುಕೊಂಡವರು ಊರನ್ನು ನೋಡುವುದು ಕಡಿಮೆ. ಬೇಲಿಯ ಹೊರಗಿನ ಮೀನುಗಾರರ ಕೇರಿ, ದೈವದ ಬನಗಳಾದ ಕಾವುಗಳು, ಚಹಾದಂಗಡಿಗಳು ಯಾವುವೂ ಅವರ ಲೆಕ್ಕಕ್ಕೆ ಬರುವುದಿಲ್ಲ. ಕೋಟೆಯನ್ನೂ ಸುತ್ತಲಿನ ಪ್ರದೇಶವನ್ನೂ ನೋಡುವ ಉದ್ದೇಶವಿದ್ದರೆ ಪಳ್ಳಿಕ್ಕರೆ, ಉದುಮ ಕಡೆಯ ಹೋಮ್‌ಸ್ಟೇಗಳೋ ಕಾಸರಗೋಡು, ಕಾಞಂಗಾಡು ಪೇಟೆಗಳ ಸಾಧಾರಣ ಹೋಟೆಲುಗಳೋ ಸಾಕು. ಹೋಮ್‌ಸ್ಟೇ ಕಾದಿರಿಸುವಾಗ ‘ಕಡಲಿಗೆ ಎರಡು ನಿಮಿಷ’ ಎಂಬ ಮಾತನ್ನು ನಂಬದೆ ನಕ್ಷೆಯಲ್ಲಿ ನೋಡಿಕೊಳ್ಳಿ: ಇಲ್ಲಿ ರೈಲು ಹಳಿ ಕಡಲಿಗೆ ಹತ್ತಿರದಲ್ಲೇ ಹಾದುಹೋಗುತ್ತದೆ, ಮನೆ ಹಳಿಯ ಆಚೆಗಿದ್ದರೆ ಎರಡು ನಿಮಿಷದ ದಾರಿ ಗೇಟಿನ ತನಕ ಸುತ್ತಿ ಬರುವ ದಾರಿಯಾಗುತ್ತದೆ, ರಾತ್ರಿಯಿಡೀ ಗಾಡಿಗಳ ಸದ್ದೂ ಇರುತ್ತದೆ.

ಊಟದ ವಿಷಯದಲ್ಲಿ ಬೇಕಲದ ಬಾಗಿಲ ಬಳಿಯ ಅಂಗಡಿಗಳಿಗಿಂತ ಪಾಲಕುನ್ನು, ಉದುಮ ಪೇಟೆಗಳ ಸಣ್ಣ ಹೋಟೆಲುಗಳೇ ವಾಸಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು, ಹುರಿದ ಬಂಗುಡೆ ಅಥವಾ ಬೂತಾಯಿ ಮೀನು. ದರ ಕೇಳದೆ ಅಂಜಲ್ ಮೀನು ಹೇಳಿಬಿಟ್ಟರೆ ಬಿಲ್ಲು ಬಂದಾಗ ಬೇಸರವಾಗಬಹುದು, ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಈ ಜಿಲ್ಲೆಗೆ ಬಂದವರು ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನನ್ನು ತಿನ್ನದೆ ಹೋಗಬಾರದು. ದಕ್ಷಿಣದ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಹಗ್ಗಗಳಿಗೆ ಕಟ್ಟಿ ಇದನ್ನು ಬೆಳೆಸುತ್ತಾರೆ, ಮಳೆಗಾಲಕ್ಕೆ ಮೊದಲು ಕೊಯ್ಲು ಮುಗಿಯುತ್ತದೆ. ಚಿಪ್ಪಿನೊಳಗೆ ಅಕ್ಕಿ, ತೆಂಗಿನಕಾಯಿ ಅರೆದ ಹಿಟ್ಟು ತುಂಬಿ ಹಬೆಯಲ್ಲಿ ಬೇಯಿಸಿ, ಮತ್ತೆ ಮಸಾಲೆ ಹಚ್ಚಿ ಎಣ್ಣೆಯಲ್ಲಿ ಹುರಿದದ್ದು ಸಂಜೆಯ ಅಂಗಡಿಗಳಲ್ಲಿ ಸಿಗುತ್ತದೆ. ಜೊತೆಗೆ ನಿಂಬೆ ಹಿಂಡಿದ ಸುಲೈಮಾನಿ ಚಹಾ ಇದ್ದರೆ ರಾತ್ರಿಯ ಊಟ ಹಗುರವಾದರೂ ನಡೆಯುತ್ತದೆ. ಸಸ್ಯಾಹಾರಿಗಳಿಗೆ ಬೇಕಲದಲ್ಲಿ ಆಯ್ಕೆ ಕಡಿಮೆಯೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾಸರಗೋಡು ಅಥವಾ ಕಾಞಂಗಾಡಿನ ಪೇಟೆಯಲ್ಲಿ ಊಟ ಮುಗಿಸಿ ಬರುವುದೇ ಅವರಿಗೆ ಸುಲಭ.

ಭಾಷೆಯ ಬಗ್ಗೆ ಒಂದು ಮಾತು. ಹಳೆಯ ಕಾಲದಿಂದಲೂ ಚಂದ್ರಗಿರಿ ಹೊಳೆಯನ್ನು ತುಳುನಾಡಿನ ದಕ್ಷಿಣದ ಗಡಿಯೆಂದು ಎಣಿಸುತ್ತ ಬಂದಿದ್ದಾರೆ. ಹೊಳೆಯಿಂದ ಉತ್ತರಕ್ಕೆ ಕುಂಬಳೆ, ಬದಿಯಡ್ಕ, ಮಂಜೇಶ್ವರಗಳಲ್ಲಿ ಕನ್ನಡ, ತುಳುಗಳಲ್ಲೇ ದಿನ ಕಳೆಯಬಹುದು. ಹೊಳೆ ದಾಟಿದ ಮೇಲೆ ಬೇಕಲದಲ್ಲಿ ವ್ಯವಹಾರವೆಲ್ಲ ಮಲಯಾಳದಲ್ಲಿ. ಆದರೂ ಕನ್ನಡ ಇಲ್ಲವೇ ಇಲ್ಲವೆಂದು ತಿಳಿಯಬೇಡಿ. ಕೆಳದಿ ಅರಸರ ಕಾಲದಲ್ಲಿ ಕೋಟೆಗಳ ಕಾವಲಿಗೆ ಬಂದು ನೆಲೆಸಿದ ರಾಮಕ್ಷತ್ರಿಯ ಮನೆತನಗಳು ಬೇಕಲ, ಹೊಸದುರ್ಗಗಳಲ್ಲಿ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡು ಬಂದಿವೆ. ಮಂಗಳೂರಿನ ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗಳ ನಂಟಿನಿಂದ ಆಟೋ ಚಾಲಕರಿಗೂ ಅಂಗಡಿಯವರಿಗೂ ಕನ್ನಡ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ನಿಧಾನವಾಗಿ ಕನ್ನಡದಲ್ಲೇ ಕೇಳಿ ನೋಡಿ, ಇಂಗ್ಲಿಷಿಗಿಂತ ಬೇಗ ಉತ್ತರ ಬರುತ್ತದೆ.

ಕೋಟೆ ನೋಡಿದ ದಿನವೇ ಚಂದ್ರಗಿರಿ ಕೋಟೆಗೆ ಹೋದರೆ ಕೆಳದಿಯವರ ಲೆಕ್ಕಾಚಾರ ಪೂರ್ತಿಯಾಗಿ ತಿಳಿಯುತ್ತದೆ. ಬೇಕಲ ಕಡಲನ್ನು ಕಾಯುತ್ತದೆ, ಚಂದ್ರಗಿರಿ ಹೊಳೆಯ ಬಾಯಿಯನ್ನು ಕಾಯುತ್ತದೆ. ಏಳು ಎಕರೆಯಷ್ಟು ಸಣ್ಣ ಕೋಟೆಯಾದರೂ ಎತ್ತರದಿಂದ ಹೊಳೆ ಕಡಲಿಗೆ ಸೇರುವುದನ್ನೂ ಸೇತುವೆಯ ಮೇಲೆ ರೈಲು ಹಾಯುವುದನ್ನೂ ಒಟ್ಟಿಗೆ ನೋಡಬಹುದು, ಜನಸಂದಣಿಯೂ ಇಲ್ಲ. ಹೊಸದುರ್ಗದ ಕೋಟೆಯಲ್ಲಿ ಉಳಿದಿರುವುದು ಕೊತ್ತಳಗಳಷ್ಟೇ, ಪೇಟೆ ಅದನ್ನು ನುಂಗಿದೆ. ಅದಕ್ಕೆಂದೇ ಹೋಗಬೇಕಾಗಿಲ್ಲ, ಸಮೀಪದ ನಿತ್ಯಾನಂದಾಶ್ರಮದ ಗುಹೆಗಳನ್ನೋ ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಆನಂದಾಶ್ರಮವನ್ನೋ ನೋಡಲು ಹೋದವರು ದಾರಿಯಲ್ಲಿ ಕಂಡು ಬರಬಹುದು. ಎರಡನೆಯ ದಿನವಿದ್ದರೆ ನೀಲೇಶ್ವರದ ಕಡೆಯ ಕೋಟಪ್ಪುರದಿಂದ ಹೊರಡುವ ದೋಣಿಮನೆಗಳಲ್ಲಿ ವಲಿಯಪರಂಬದ ಹಿನ್ನೀರಿಗೆ ಹೋಗಿ. ಆಲಪ್ಪುಳದಲ್ಲಿ ದೋಣಿಯ ಹಿಂದೆ ದೋಣಿ ಸಾಲುಗಟ್ಟುವ ಗೋಳು ಇಲ್ಲಿಲ್ಲ. ರಾತ್ರಿ ತಂಗುವುದಕ್ಕಿಂತ ಹಗಲಿನ ಸವಾರಿಯೇ ಕೊಟ್ಟ ಹಣಕ್ಕೆ ತಕ್ಕುದೆಂದು ನನ್ನ ಎಣಿಕೆ. ಊಟ ಸೇರಿದೆಯೇ, ಎಷ್ಟು ಹೊತ್ತಿನ ಸವಾರಿ ಎಂಬುದನ್ನು ಮೊದಲೇ ಬರೆಸಿಕೊಂಡರೆ ಆಮೇಲೆ ಮಾತು ಬೆಳೆಯುವುದಿಲ್ಲ.

ಅಕ್ಟೋಬರ್ ಕೊನೆಯಿಂದ ಮೇ ತಿಂಗಳ ತನಕ ಬಂದವರಿಗೆ ಇಲ್ಲಿನ ದೈವಾರಾಧನೆಯಾದ ತೆಯ್ಯಂ ನೋಡುವ ಅವಕಾಶವೂ ಇದೆ. ನಮ್ಮ ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆ ದಿನಕ್ಕೆ ದೈವಗಳ ಕೋಲಗಳು ನಿಲ್ಲುವಂತೆ ಇಲ್ಲೂ ಮಳೆ ಹಿಡಿಯುವ ಹೊತ್ತಿಗೆ ಕಾವುಗಳು ಮೌನವಾಗುತ್ತವೆ. ಯಾವ ಕಾವಿನಲ್ಲಿ ಯಾವತ್ತು ಎಂಬುದು ಹೋಮ್‌ಸ್ಟೇಯವರಿಗೂ ಆಟೋದವರಿಗೂ ತಿಳಿದಿರುತ್ತದೆ. ರೆಸಾರ್ಟಿನ ಅಂಗಳದಲ್ಲಿ ಅರ್ಧ ಗಂಟೆಗೆ ಕತ್ತರಿಸಿ ತೋರಿಸುವುದನ್ನು ನೋಡಿ ತೃಪ್ತರಾಗಬೇಡಿ. ಕಾವಿನಲ್ಲಿ ಪಾದರಕ್ಷೆ ಹೊರಗೆ, ಫ್ಲ್ಯಾಶ್ ಬಳಸದೆ ಫೋಟೊ, ದೈವದ ದಾರಿಗೆ ಅಡ್ಡ ನಿಲ್ಲದಿರುವುದು, ಇಷ್ಟು ಪಾಲಿಸಿದರೆ ಹೊರಗಿನವರನ್ನು ಯಾರೂ ತಡೆಯುವುದಿಲ್ಲ.

ತಲುಪುವ ದಾರಿ ಸುಲಭ. ಮಂಗಳೂರಿನಿಂದ ಸುಮಾರು 65 ಕಿಲೋಮೀಟರ್, ಕಾಸರಗೋಡಿನಿಂದ 16, ಕಾಞಂಗಾಡಿನಿಂದ 12. ಬೆಂಗಳೂರಿನವರಿಗೆ ಮಂಗಳೂರು ಮಾರ್ಗವಾಗಿ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಅನುಕೂಲ, ಕಾಸರಗೋಡಿನಲ್ಲಿ ಇಳಿಯಬಹುದು. ‘ಬೇಕಲ ಫೋರ್ಟ್’ ಎಂಬ ಹೆಸರಿನ ನಿಲ್ದಾಣವೇ ಇದೆಯೆಂದು ನೋಡಿ ಸಂತೋಷಪಡಬೇಡಿ, ಅಲ್ಲಿ ನಿಲ್ಲುವುದು ಹೆಚ್ಚಾಗಿ ಪ್ಯಾಸೆಂಜರ್ ಗಾಡಿಗಳು. ಕಾಸರಗೋಡಿನ ನಿಲ್ದಾಣದಲ್ಲಿ ಬಸ್ಸು ಹತ್ತುವಾಗ ಒಂದು ವಿಚಾರ ನೆನಪಿರಲಿ: ಕಾಞಂಗಾಡಿಗೆ ಎರಡು ದಾರಿಗಳಿವೆ. ಚೆರ್ಕಳ, ಪೆರಿಯ ಮೂಲಕ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುವ ಬಸ್ಸು ಬೇಕಲವನ್ನು ಮುಟ್ಟುವುದಿಲ್ಲ. ಚಂದ್ರಗಿರಿ ಸೇತುವೆಯ ಮೇಲೆ ಮೇಲ್ಪರಂಬ, ಉದುಮ, ಪಾಲಕುನ್ನು ಹಾದು ಹೋಗುವುದನ್ನೇ ಕೇಳಿ ಹತ್ತಬೇಕು. ಕಾರಿನವರೂ ನಕ್ಷೆ ಹೆದ್ದಾರಿಗೆ ಎಳೆದರೆ ಕಿವಿಗೊಡದೆ ಇದೇ ಕರಾವಳಿಯ ರಸ್ತೆಯನ್ನು ಹಿಡಿಯಲಿ. ಕೊಡಗಿನ ಕಡೆಯಿಂದ ಬರುವವರಿಗೆ ಭಾಗಮಂಡಲ, ಕರಿಕೆ, ಪಾಣತ್ತೂರು ಮಾರ್ಗವಾಗಿ ಕಾಞಂಗಾಡಿಗೆ ಇಳಿಯುವ ಘಾಟಿ ರಸ್ತೆಯಿದೆ. ನೋಡಲು ಚೆಂದ, ಕಿರಿದು, ತಿರುವುಗಳು ಬಹಳ, ಮಳೆಗಾಲದಲ್ಲಿ ಮತ್ತು ಕತ್ತಲಾದ ಮೇಲೆ ಬೇಡ.